ಪೂಜೆ ಮಾಡಿದ ಗಾಡಿಗೆ ಆಂಟೆನಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರ ಕಾಲೆಳೆಯಲು ಸಲೀಸಾಗುತ್ತದೆ. ತಪ್ಪು ನನ್ನದೇ. ಆಂಟೆನಾದ ಬಗ್ಗೆ ನನಗೆ ಸಾಸಿವೆಕಾಳಿನಷ್ಟೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆಂಟೆನಾ ಮಾರುವವನ ದನಿ ಮಾತ್ರ.

ಆಗ ನಾನು ಟೊರೊಂಟೊದ ಕಾಲೇಜೊಂದರಲ್ಲಿ ಓದುತ್ತಿದ್ದೆ, ಅಂದರೆ ಫೀಸು ಕಟ್ಟುತ್ತಿದ್ದೆ. ವಾರಾಂತ್ಯಕ್ಕೆ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪಾರ್ಟ್‌ಟೈಮು. ಹಿಂದಿನ ಗೋದಾಮಿನಿಂದ ಡಬ್ಬ ಹೊತ್ತು ತಂದು ಕಪಾಟಿನಲ್ಲಿ ಜೋಡಿಸುವುದು ನನ್ನ ಕೆಲಸ. ಮಾರುವುದು ನನ್ನ ಸೀನಿಯರ್, ಪಂಜಾಬಿನವ. ಅವನು ಗಿರಾಕಿಯ ಹೆಗಲ ಮೇಲೆ ಕೈಯಿಟ್ಟು, ಒಂದೇ ಹುಬ್ಬನ್ನು ಏರಿಸಿ, ದನಿಯನ್ನು ಗುಟ್ಟು ಹೇಳುವಷ್ಟು ಇಳಿಸಿ, "ಸರ್, ದಿಸ್ ಈಸ್ ನಾಟ್ ಆಂಟೆನಾ. ದಿಸ್ ಈಸ್ ಫ್ರೀಡಮ್" ಅನ್ನುತ್ತಿದ್ದ. ಗಿರಾಕಿ ಎರಡು ಆಂಟೆನಾ ಕೊಂಡು ಹೋಗುತ್ತಿದ್ದ.

ನನಗೆ ಚಿಕ್ಕಂದಿನಿಂದ ಒಂದು ಚಟ. ಯಾರನ್ನಾದರೂ ಸ್ವಲ್ಪ ಹೊತ್ತು ನೋಡಿದರೆ ಸಾಕು, ನಾನು ಅವರಾಗಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಇದಕ್ಕೆ ಏಟು ಬೀಳುತ್ತಿತ್ತು, ಕೆನಡಾದಲ್ಲಿ ಊಟ ಸಿಗುತ್ತಿತ್ತು. ಎಟೋಬಿಕೋಕ್‌ನ ಹಳೆಯ ಬಂಗಲೆಯೊಂದರ ಬೇಸ್‌ಮೆಂಟಿನಲ್ಲಿ ನಾನು ಬಾಡಿಗೆಗಿದ್ದೆ. ಮೇಲೆ ಮನೆಯ ಯಜಮಾನರು, ಧಾರವಾಡದ ಕಡೆಯ ಕಾಕಾ, ಮತ್ತು ಅವರ ಹೆಂಡತಿ ಕಾಕು. ರಕ್ತಸಂಬಂಧವೇನಿಲ್ಲ. ಬಾಡಿಗೆಗಿರುವವನು ಕಾಕಾ ಅನ್ನದಿದ್ದರೆ ಹೀಟರ್ ಕೆಟ್ಟ ದಿನ ಮೇಲೆ ಹತ್ತಿ ಹೋಗಿ ಕೇಳಲು ಮುಖವಿರುವುದಿಲ್ಲ, ಅಷ್ಟೇ.

2017ರ ಯುಗಾದಿಗೆ ಅವರ ಮನೆಯಲ್ಲಿ ಊಟ. ಹೋಳಿಗೆ ಮುಗಿದ ಮೇಲೆ ಎಂದಿನಂತೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಬಸ್ ಡ್ರೈವರನಾದೆ, ಕಾಲೇಜಿನ ಮೇಷ್ಟ್ರಾದೆ, ಹಲ್ಲಿನ ಡಾಕ್ಟರಾದೆ, ಕೊನೆಗೆ ನಮ್ಮ ಅಂಗಡಿಯ ಸೀನಿಯರ್ ಆದೆ. ಒಬ್ಬರ ಹೆಗಲ ಮೇಲೆ ಕೈಯಿಟ್ಟು, ಹುಬ್ಬೇರಿಸಿ, ಯಾವ ಆಂಟೆನಾ ಎಷ್ಟು ದೂರದಿಂದ ಹಿಡಿಯುತ್ತದೆ, ಯಾವುದು ಎಲ್ಲ ದಿಕ್ಕಿಗೂ ಸಲ್ಲುತ್ತದೆ, ಯಾವುದಕ್ಕೆ ಬೂಸ್ಟರ್ ಇದೆ ಎಂದು ಉಸಿರು ಬಿಡದೆ ಒದರಿದೆ. ಅದರಲ್ಲಿ ಒಂದು ಮಾತಿನ ಅರ್ಥವೂ ನನಗೆ ಗೊತ್ತಿರಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ಮಾತ್ರ ನಗಲಿಲ್ಲ. ತಲೆಯಾಡಿಸುತ್ತ ಗಮನವಿಟ್ಟು ಕೇಳುತ್ತಿದ್ದರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಹಲ್ಲಿನ ಡಾಕ್ಟರನನ್ನು ನೋಡಿ ಯಾರೂ ಬಾಯಿ ತೆರೆದು ತೋರಿಸಲಿಲ್ಲವಲ್ಲ, ಅದೇ ಪುಣ್ಯ.

ಕಾಕಾ ಆ ವಸಂತದಲ್ಲಿ ಯಾರನ್ನೂ ಕೇಳದೆ ಒಂದು ಸೆಕೆಂಡ್‌ಹ್ಯಾಂಡ್ ಆರ್‌ವಿ ತಂದು ಮನೆಮುಂದೆ ನಿಲ್ಲಿಸಿದ್ದರು. ಮುಂದೆ ಡ್ರೈವರ್ ಸೀಟು, ಹಿಂದೆ ಹಾಸಿಗೆ, ಒಲೆ, ಕಕ್ಕಸು, ಪುಟ್ಟ ಟಿವಿ: ಓಡುವ ಮನೆ. ಕಾಕಾ ಅದನ್ನು ಗಾಡಿ ಅನ್ನುತ್ತಿದ್ದರು, ಕಾಕು ಡಬ್ಬಿ ಅನ್ನುತ್ತಿದ್ದರು. ಅದನ್ನು ರಿಚ್ಮಂಡ್ ಹಿಲ್‌ನ ಗುಡಿಗೆ ಪೂಜೆಗೆ ಒಯ್ದ ದಿನ ಅರ್ಚಕರಿಗೇ ಗೊಂದಲ, ಇದು ವಾಹನಪೂಜೆಯೋ ಗೃಹಪ್ರವೇಶವೋ ಎಂದು. ಕಾಕಾ ಎರಡೂ ಮಾಡಿಸಿದರು. ಚಕ್ರದಡಿ ನಿಂಬೆಹಣ್ಣೂ ಆಯಿತು, ಒಲೆಯ ಮೇಲೆ ಹಾಲು ಉಕ್ಕಿಸುವುದೂ ಆಯಿತು. ಹಾಲು ಸೀದು ಹೊಗೆಯಾಗಿ ಗಾಡಿಯ ಅಲಾರಂ ಹೊಡೆದುಕೊಂಡಾಗ ಕಾಕಾ ಅದನ್ನೂ ಮಂಗಳವಾದ್ಯವೆಂದೇ ಲೆಕ್ಕಕ್ಕೆ ಹಿಡಿದರು.

ನಗುವುದೇನೋ ಸುಲಭ. ಕಾಕಾ ಎಷ್ಟೋ ವರ್ಷದಿಂದ ಪ್ಯಾಕಿಂಗ್ ಫ್ಯಾಕ್ಟರಿಯ ಶಿಫ್ಟುಗಳಲ್ಲಿ ದುಡಿದವರು. ಗಂಡಹೆಂಡತಿ ಇಬ್ಬರೇ ಎಂದು ಎಲ್ಲಿಗೂ ಹೋಗಿದ್ದೇ ಇಲ್ಲ. ಊರಿಂದ ಯಾರಾದರೂ ಬಂದರೆ ನಯಾಗರ, ಯಾರೂ ಬರದಿದ್ದರೆ ಮನೆ. ಮಗಳು ಕೆಲಸ ಹಿಡಿದು ವ್ಯಾಂಕೂವರ್‌ಗೆ ಹೋದ ಮೇಲೆ ಮನೆ ಇನ್ನಷ್ಟು ಮನೆಯಾಗಿತ್ತು. ಆಗಸ್ಟಿನ ಲಾಂಗ್ ವೀಕೆಂಡಿಗೆ ಕಾಕುವನ್ನು ಕರೆದುಕೊಂಡು ಕೆರೆ ದಂಡೆಯಲ್ಲಿ ಎರಡು ಕುರ್ಚಿ ಹಾಕಿ ಕೂರಬೇಕೆಂಬುದು ಕಾಕಾನ ಆಸೆ. ಕಾಕು ಬರದಿದ್ದರೆ ಗಾಡಿ ಮಾರಿಬಿಡುತ್ತೇನೆ, ಒಬ್ಬನೇ ದೆವ್ವದ ಹಾಗೆ ಓಡಿಸಿಕೊಂಡು ಎಲ್ಲಿಗೆ ಹೋಗಲಿ ಎಂದು ನನ್ನೆದುರು ಅಂದಿದ್ದರು.

ಕಾಕು ಬರುವುದಿಲ್ಲ ಅನ್ನಲಿಲ್ಲ. ಒಂದು ಷರತ್ತು ಹಾಕಿದರು. "ಸಂಜೀ ಮುಂದ ನನ್ನ ಆಟ ಬರಬೇಕು. ಬಂದ್ರ ಬರ್ತೀನಿ."

ಆಟವೆಂದರೆ ಅಮೆರಿಕದ ಬಫಲೋ ಊರಿನ ಒಂದು ಚಾನೆಲ್ಲಿನಲ್ಲಿ ಬರುವ ಪದ ಊಹಿಸುವ ಸ್ಪರ್ಧೆ. ಈ ದೇಶಕ್ಕೆ ಬಂದ ಹೊಸದರಲ್ಲಿ, ಕಾಕಾ ಸಂಜೆ ಶಿಫ್ಟಿಗೆ ಹೋದಾಗ, ಹಸುಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾಕು ಇಂಗ್ಲಿಷ್ ಕಲಿತದ್ದೇ ಅದರಿಂದ. ಮನೆಯ ಸೂರಿನ ಮೇಲೆ ಸರೋವರದ ಕಡೆ ಮುಖ ಮಾಡಿದ ಹಳೆಯ ಆಂಟೆನಾ ಇತ್ತು, ಆಚೆ ದಡದ ಅಮೆರಿಕದ ಚಿತ್ರ ಹಾಗೇ ಗಾಳಿಯಲ್ಲಿ ಬರುತ್ತಿತ್ತು. ಕೇಬಲ್ಲು ಆ ಮನೆಯ ಹೊಸಿಲು ತುಳಿದಿರಲಿಲ್ಲ. ಈಗ ಕಾಕು ಮೂರು ಅಕ್ಷರ ಕಂಡರೆ ಸಾಕು, ಇಡೀ ವಾಕ್ಯ ಹೇಳಿ, ಟಿವಿಯೊಳಗೆ ಇನ್ನೂ ತಡವರಿಸುತ್ತಿರುವವರನ್ನು ಧಾರವಾಡದ ಭಾಷೆಯಲ್ಲಿ ಬಯ್ಯುತ್ತಿದ್ದರು. ನಾನು ಎಲ್ಲರನ್ನೂ ಅಣಕಿಸುತ್ತೇನೆ, ಆ ಕಾಕುವನ್ನು ಮಾತ್ರ ಬೇಸ್‌ಮೆಂಟಿನ ಬಾಗಿಲು ಹಾಕಿಕೊಂಡು ಅಣಕಿಸುತ್ತಿದ್ದೆ.

ಮಗಳು ಫೋನಿನಲ್ಲಿ ಇಂಗ್ಲಿಷಿನಲ್ಲೇ ಗೊಣಗಿದಳು, ಈಗಿನ ಕಾಲದಲ್ಲಿ ಯಾರಪ್ಪಾ ಆಂಟೆನಾ ಹಾಕುತ್ತಾರೆ, ಮೊಬೈಲಿನಲ್ಲಿ ನೋಡಿಕೊಳ್ಳಲಿ ಎಂದು. ಅಂಗೈಯಗಲದ ಗಾಜಿನಲ್ಲಿ ಅಕ್ಷರ ಕಾಣುವುದಿಲ್ಲವೆಂದು ಕಾಕು, ಗಾಳಿಯಲ್ಲಿ ಪುಕ್ಕಟೆ ಬರುವುದನ್ನು ಫೋನಿನಲ್ಲಿ ಯಾಕೆ ತರಿಸಬೇಕೆಂದು ಕಾಕಾ. ಗಂಡಹೆಂಡತಿ ಒಪ್ಪಿದ ಅಪರೂಪದ ವಿಷಯ. ಆಮೇಲೆ ಕಾಕಾ ಬೇಸ್‌ಮೆಂಟಿನ ಮೆಟ್ಟಿಲಿಳಿದು ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು.

"ತಮ್ಮಾ, ಆಂಟೆನಾದ್ದು ನಿನಗ ಎಲ್ಲಾ ಗೊತ್ತೈತಿ. ನೀನ ಆರಿಸು."

ಇಲ್ಲ ಕಾಕಾ, ಅದು ಬರೇ ನಾಟಕ ಅನ್ನಬೇಕಿತ್ತು. ನಾನು ಏನು ಮಾಡಿದೆ? ಒಂದು ಹುಬ್ಬು ಏರಿಸಿದೆ.

ಮೊದಲ ಆಂಟೆನಾ ನಾನು ನಾಟಕದಲ್ಲಿ ಹೊಗಳಿದ್ದೇ. ಮುಚ್ಚಳ ಹಾಕಿದ ತಟ್ಟೆಯಂಥದ್ದು, ಎಲ್ಲ ದಿಕ್ಕಿನಿಂದಲೂ ಹಿಡಿಯುತ್ತದೆ, ತಿರುಗಿಸುವ ಗೋಜಿಲ್ಲ. ಅದನ್ನು ಕೂರಿಸಲು ಸೂರಿಗೆ ತೂತು ಕೊರೆಯಬೇಕೆಂದು ಡಬ್ಬದ ಮೇಲೆ ಬರೆದಿತ್ತು. ಕಾಕಾ ಡ್ರಿಲ್ಲನ್ನು ನನ್ನ ಕೈಯಿಂದ ಕಸಿದುಕೊಂಡರು. ಪೂಜೆ ಮಾಡಿದ ಗಾಡಿ, ಹಾಲುಕ್ಕಿಸಿದ ಮನೆ, ವರ್ಷ ತುಂಬುವ ಮುಂಚೆ ನೆತ್ತಿಗೆ ತೂತು ಹೊಡೆಯುತ್ತೀಯಾ ಎಂದು ಹೆತ್ತ ಮಗುವಿನ ಪರ ವಾದಿಸಿದ ಹಾಗೆ ವಾದಿಸಿದರು. ನಾನು ಜಾಣ. ಅದೇ ತಟ್ಟೆಗೆ ಅಯಸ್ಕಾಂತದ ಬುಡ ಕೊಂಡು ತಂದೆ. ಸೂರಿನ ಮೇಲಿಟ್ಟೆ. ಅದು ಎಣ್ಣೆ ಹಚ್ಚಿದ ಇಡ್ಲಿತಟ್ಟೆಯಂತೆ ಜಾರಿ ಕಾಕುವಿನ ಮೆಂತ್ಯದ ಮಡಿಯೊಳಗೆ ಬಿತ್ತು. ಆರ್‌ವಿಯ ಸೂರು ಕಬ್ಬಿಣದ್ದಲ್ಲ, ಫೈಬರಿನದು ಎಂಬುದು ಆಗ ತಿಳಿಯಿತು. ಕಾಕಾ ಅಯಸ್ಕಾಂತ ಹಿಡಿದು ಗಾಡಿಯ ಮೈಯನ್ನೆಲ್ಲ ಡಾಕ್ಟರರ ಹಾಗೆ ತಪಾಸಣೆ ಮಾಡಿದರು. ಆ ಗಾಡಿಯಲ್ಲಿ ಗಟ್ಟಿ ಕಬ್ಬಿಣವಿದ್ದದ್ದು ಚಕ್ರದ ಬಳಿ ಮತ್ತು ಕಾಕಾನ ಹಟದಲ್ಲಿ.

ಕೊನೆಗೆ ಅಗಲ ಟೇಪು ಸುತ್ತಿ ಕೂರಿಸಿದೆವು. ಎಲ್ಲ ದಿಕ್ಕಿಗೂ ಕಿವಿ ಕೊಡುವವನು ಯಾರ ಮಾತನ್ನೂ ಸರಿಯಾಗಿ ಕೇಳುವುದಿಲ್ಲ. ಟೊರೊಂಟೊದ ಟಿವಿ ಗೋಪುರ ಪಕ್ಕದಲ್ಲೇ ಇದ್ದದ್ದಕ್ಕೆ ಒಂದು ಹವಾಮಾನದ ಸುದ್ದಿ, ಒಂದು ಧರ್ಮೋಪದೇಶ ಸಿಕ್ಕವು. ಸರೋವರದಾಚೆಯ ಬಫಲೋ ಮಾತ್ರ ಬಾಯಿಬಿಡಲಿಲ್ಲ. ಕಾಕು ಒಮ್ಮೆ ಇಣುಕಿ, ಉಪದೇಶ ನಮ್ಮ ಮನೆಯಲ್ಲೇ ಬೇಕಾದಷ್ಟಿದೆ ಎಂದು ಕಾಕಾನ ಕಡೆ ನೋಡಿ ಹೋದರು.

ಎರಡನೆಯದು ಕಾಗದದಂತೆ ತೆಳ್ಳಗಿನ ಚೌಕ, ಒಳಗಿನಿಂದ ಕಿಟಕಿಗೆ ಅಂಟಿಸುವುದು. ತೂತಿಲ್ಲ, ಅಯಸ್ಕಾಂತವಿಲ್ಲ, ಕಾಕಾಗೆ ಬಲು ಖುಷಿ. ಆದರೆ ಗಾಡಿಯ ಗೋಡೆಗೆ ಹೊರಗಿನಿಂದ ಅಲ್ಯೂಮಿನಿಯಂ ತಗಡು ಹೊದಿಸಿತ್ತು. ಒಳಗೆ ಕೂತ ಆಂಟೆನಾ ಪಾತ್ರೆಯೊಳಗೆ ಕೂತು ರಸ್ತೆಯ ಸುದ್ದಿ ಕೇಳಿದಂತೆ. ಕಿಟಕಿಯಿಂದ ಕಿಟಕಿಗೆ ಅಂಟಿಸಿದೆ, ಕಿತ್ತೆ, ಮತ್ತೆ ಅಂಟಿಸಿದೆ. ಒಮ್ಮೆ ಬೇಸತ್ತು, ಅದನ್ನು ಕೈಯಲ್ಲಿ ಹಿಡಿದು, ಒಂದು ಕಾಲನ್ನು ಸೀಟಿನ ಮೇಲಿಟ್ಟು, ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಾಗ ಬಫಲೋ ಬಂದೇಬಿಟ್ಟಿತು. ಕೈ ಬಿಟ್ಟರೆ ಹೋಯಿತು. ಹಿಡಿದರೆ ಬಂತು. ನಾನೇ ಆಂಟೆನಾ ಆಗಿದ್ದೆ, ನನ್ನ ಜೀವಮಾನದ ಅತ್ಯುತ್ತಮ ಅಣಕ.

ಕಾಕಾ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದರು. "ತಮ್ಮಾ, ನೀನೂ ನಮ್ಮ ಜೋಡಿ ಬಾ. ಆಟ ಮುಗಿಯೋತನಾ ಹಿಂಗ ನಿಂತ್ರ ಸಾಕು." ಅವರು ತಮಾಷೆ ಮಾಡುತ್ತಿರಲಿಲ್ಲ. ಊಟಕ್ಕೆ ಏನು ಬೇಕೆಂದೂ ಕೇಳಿದರು.

ಎರಡನೆಯದನ್ನೂ ಅಂಗಡಿಗೆ ವಾಪಸು ಒಯ್ದೆ. ರಿಟರ್ನ್ ಕೌಂಟರಿನಲ್ಲಿ ಆ ದಿನ ಸೀನಿಯರ್ ಕೂತಿದ್ದ. ಟೇಪಿನ ಗೋಂದು ಮೆತ್ತಿದ ತಟ್ಟೆಯನ್ನು ಹಿಂದಿನ ವಾರ ಪಡೆದವನೂ ಅವನೇ. ಚೌಕವನ್ನು ತಿರುವಿ ನೋಡಿದ, ನನ್ನನ್ನು ನೋಡಿದ. "ಭಾಯ್, ಆಂಟೆನಾ ಖರೀದ್ ರಹೇ ಹೋ, ಯಾ ಸ್ವಯಂವರ್ ಚಲ್ ರಹಾ ಹೈ?" ಹೌದಪ್ಪ, ಸ್ವಯಂವರವೇ, ಬಂದ ಗಂಡುಗಳೆಲ್ಲ ನಿನ್ನ ಮಾತಿನಲ್ಲಿ ಮಾತ್ರ ಶೂರರು ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಶಿಫ್ಟ್ ಹಂಚುವವನೂ ಅವನೇ.

ಮೂರನೆಯದನ್ನು ಹುಡುಕುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಾಡಿಯ ಸೂರಿನ ಮೇಲೆ ಒಂದು ಪ್ಲಾಸ್ಟಿಕ್ ಟೋಪಿ ಇತ್ತು. ಬಿಚ್ಚಿದರೆ ಕೆಳಗೆ ಹಳೆಯ ತೂತು, ಒಳಗೆ ವೈರು. ಹಿಂದಿನ ಮಾಲೀಕ ತನ್ನ ಆಂಟೆನಾ ಕಿತ್ತುಕೊಂಡು ಹೋಗಿದ್ದ. ಕಾಕಾ ಏಣಿ ಹತ್ತಿ ಬಂದು ನೋಡಿ, ಈ ತೂತು ಪೂಜೆಗೆ ಮುಂಚಿನದು, ಹಾಗಾಗಿ ಪೂಜೆ ಇದಕ್ಕೂ ಸೇರಿ ಆಗಿದೆ ಎಂದು ತೀರ್ಪು ಕೊಟ್ಟರು. ಧರ್ಮಶಾಸ್ತ್ರದಲ್ಲಿ ಇಷ್ಟು ಸಲೀಸಾದ ದಾರಿ ನಾನು ಕಂಡಿರಲಿಲ್ಲ.

ಹೀಗೆ ರೆಕ್ಕೆಯ ಆಂಟೆನಾ ಬಂತು. ಒಳಗೆ ಛಾವಣಿಯಲ್ಲಿರುವ ಹಿಡಿಕೆ ತಿರುವಿದರೆ ಸೂರಿನ ಮೇಲೆ ಎದ್ದು ನಿಲ್ಲುತ್ತದೆ, ಎತ್ತ ಬೇಕೋ ಅತ್ತ ಮುಖ ಮಾಡುತ್ತದೆ. ಗಾಡಿ ಹೊರಡುವ ಮುಂಚೆ ಮಲಗಿಸಬೇಕು, ಮರೆತರೆ ಮರದ ಕೊಂಬೆಗೆ ಅರ್ಪಣೆ. ಮನೆಮುಂದೆ ನಿಲ್ಲಿಸಿ ತಿರುವಿದೆವು. ಬಫಲೋ ಕನ್ನಡಿಯಂತೆ ಬಂತು. ಕಾಕು ಆಗ ಗುಡಿಗೆ ಹೋಗಿದ್ದರು. ಅವರು ಬಂದ ಮೇಲೆ ತೋರಿಸೋಣವೆಂದೆ. ಕಾಕಾ ಬೇಡವೆಂದರು. ಮನೆಮುಂದೆ ಬಂದದ್ದು ಅಲ್ಲಿ ಬರದಿದ್ದರೆ ಆಕೆಯ ಮುಂದೆ ಮರ್ಯಾದೆ ಏನಾಗಬೇಕು? ಮೊದಲು ನಾವಿಬ್ಬರೇ ಹೋಗಿ ನೋಡಿ ಬರುವುದು. ಉತ್ತರದ ಕೆರೆಗಳ ಕಡೆ ಹೋಗುವ ಯೋಚನೆಯನ್ನು ಆಗಲೇ ಕೈಬಿಟ್ಟಿದ್ದರು. ಬಫಲೋಗೆ ಹತ್ತಿರವೆಂದು ಈರೀ ಸರೋವರದ ದಂಡೆಯ ಕ್ಯಾಂಪ್‌ಗ್ರೌಂಡ್ ಹಿಡಿದಿದ್ದರು. ಟಿವಿಯಿಂದ ದೂರ ಹೋಗಲೆಂದು ಜನ ಕ್ಯಾಂಪಿಗೆ ಹೋಗುತ್ತಾರೆ, ನಾವು ಟಿವಿಯ ಬುಡಕ್ಕೇ ಹೊರಟಿದ್ದೆವು.

ನನಗೆ ಅಂಗಡಿಯ ಕೆಲಸವಿಲ್ಲದ ಒಂದು ಶನಿವಾರ ಹೋದೆವು. ನೀರು ನೀಲಿ, ಹುಲ್ಲು ಹಸಿರು, ಅಕ್ಕಪಕ್ಕದವರು ಅರೆಬತ್ತಲೆ ಮಲಗಿ ಬಿಸಿಲು ಕಾಯಿಸುತ್ತಿದ್ದಾರೆ. ನಾವಿಬ್ಬರು ಬಾಗಿಲು ಹಾಕಿಕೊಂಡು ಒಳಗೆ. ಜಾಗ ಬದಲಾದರೆ ಟಿವಿಗೆ ಹೊಸದಾಗಿ ಚಾನೆಲ್ ಹುಡುಕಿಸಬೇಕು. ಹುಡುಕಿಸಿದೆ. ಪಟ್ಟಿ ಆಮೆಯಂತೆ ತೆವಳಿ ತುದಿ ಮುಟ್ಟಿ, ಚಾನೆಲ್ ಸೊನ್ನೆ ಅಂದಿತು. ಕಾಕಾ ಹಿಡಿಕೆಯನ್ನು ಒಂದಿಷ್ಟು ತಿರುವಿ ಕೂಗಿದರು, "ಬಂತೇನೋ?" ಇಲ್ಲ ಕಾಕಾ. ಮತ್ತೆ ಹುಡುಕಾಟ, ಮತ್ತೆ ಸೊನ್ನೆ. "ಈಗ ಬಂತೇನೋ?" ಧಾರವಾಡದಲ್ಲಿ ದೂರದರ್ಶನದ ಕಾಲದಲ್ಲಿ ಅವರು ಮಾಳಿಗೆಯ ಮೇಲೆ, ಅವರ ತಮ್ಮ ಕಿಟಕಿಯಲ್ಲಿ, ಹಾಗೇ ಕೂಗಿ ರೂಢಿ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಮೊಳ ಜಾಗ. ಪ್ರತಿ ಕೂಗೂ ನೇರ ನನ್ನ ಕಿವಿಗೇ ಬೀಳುತ್ತಿತ್ತು. ಹೊರಗೆ ಮಲಗಿದ್ದ ಗೋರಾ ಒಬ್ಬ ಎದ್ದು ಬಂದು ಎಲ್ಲವೂ ಸರಿಯಿದೆಯೇ ಎಂದು ವಿಚಾರಿಸಿ ಹೋದ.

ಮಧ್ಯಾಹ್ನ ಕರಗಿತು. ಪೂರ್ವ, ಪಶ್ಚಿಮ, ಆಗ್ನೇಯ, ನೈಋತ್ಯ, ವಾಸ್ತುವಿನವರಿಗೆ ಗೊತ್ತಿರುವ ದಿಕ್ಕೆಲ್ಲ ಮುಗಿದವು. ಕಾಕಾಗೆ ಸಿಟ್ಟು ಬಂತು. ನೀನು ಯಾವ ಸೀಮೆಯ ತಜ್ಞ ಎಂದರು. ನಾನು ತಜ್ಞನಲ್ಲ, ತಜ್ಞನನ್ನು ಅಣಕಿಸಿದವನು ಎಂದೆ. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದರು. ಅವತ್ತು ಎಲ್ಲರೂ ನಕ್ಕರಲ್ಲ ಕಾಕಾ, ನಗದೇ ಇದ್ದವರು ನೀವೊಬ್ಬರೇ ಎಂದೆ. ಅವರು ಹಿಡಿಕೆ ಬಿಟ್ಟು ಹಾಸಿಗೆಯ ತುದಿಗೆ ಕೂತರು. ಸಿಟ್ಟೆಲ್ಲ ಇಳಿದು ದನಿ ಸಣ್ಣದಾಗಿತ್ತು. "ಆಕಿ ಒಮ್ಮೆ ಬಂದು ಇಲ್ಲೆ ಕುಂತ್ರ ಸಾಕಾಗಿತ್ತೋ." ಆ ದನಿಯನ್ನು ಅಣಕಿಸಲು ನನಗೆ ಇವತ್ತಿಗೂ ಬರುವುದಿಲ್ಲ.

ನಾನು ನನ್ನ ಫೋನನ್ನು ಚಾರ್ಜಿಗೆ ಹಾಕಲು ಹೋದೆ. ಟಿವಿಯ ಹಿಂದಿನ ಗೋಡೆಯಲ್ಲಿ ಒಂದು ಪುಟ್ಟ ಸಾಕೆಟ್ಟು, ಅದರ ಪಕ್ಕ ಒಂದು ಗುಂಡಿ. ತಡಕಾಡುವಾಗ ಹೆಬ್ಬೆರಳು ಗುಂಡಿಗೆ ಒತ್ತಿಕೊಂಡಿತು. ಒಂದು ಸಣ್ಣ ಹಸಿರು ದೀಪ ಹತ್ತಿತು. ಯಾಕೋ ಅನುಮಾನ ಬಂದು ಮತ್ತೊಮ್ಮೆ ಚಾನೆಲ್ ಹುಡುಕಿಸಿದೆ. ಈ ಸಲ ಸಾಲುಸಾಲಾಗಿ ಬಂದವು, ಬಫಲೋ ಮೊದಲಾಗಿ. ಅದು ಆಂಟೆನಾದ ಸಿಗ್ನಲ್ಲಿಗೆ ಬಲ ಕೊಡುವ ಬೂಸ್ಟರಿನ ಗುಂಡಿ. ದೀಪ ಹತ್ತಿದ್ದರೆ ಚಿತ್ರ, ಆರಿದ್ದರೆ ಸೊನ್ನೆ.

ಆರಿಸಿದ್ದು ಯಾರು? ಕೇಳುವುದೇ ಬೇಡ. ಎಟೋಬಿಕೋಕ್‌ನ ಆ ಮನೆಯಲ್ಲಿ ಕೆಲಸವಿಲ್ಲದ ದೀಪ ಉರಿಯುವಂತಿಲ್ಲ. ಕಾಕಾ ಗಾಡಿ ಹೊರಡಿಸುವ ಮುಂಚೆ ರಾತ್ರಿ ಪಹರೆಯವನ ಹಾಗೆ ಒಂದು ಸುತ್ತು ಹೊಡೆದು ಕಂಡ ದೀಪವನ್ನೆಲ್ಲ ಆರಿಸುತ್ತಿದ್ದರು, ಫ್ರಿಜ್ಜಿನ ದೀಪ ನಿಜವಾಗಿ ಆರುತ್ತದೋ ಇಲ್ಲವೋ ಎಂದು ಬಾಗಿಲ ಸಂದಿಯಲ್ಲಿ ನೋಡಿದವರು ಅವರು. ಅವರನ್ನು ಬಯ್ಯಲು ಬಾಯಿ ತೆರೆದೆ. ಆಗ ನೆನಪಾಯಿತು, ಆ ಬೆಳಿಗ್ಗೆ ಅವರು ಡ್ರೈವರ್ ಸೀಟಿನಲ್ಲಿ ಕೂತಾಗಲೇ ಹಿಂದೆ ಒಂದು ಹಸಿರು ಚುಕ್ಕೆ ಕಂಡು ನಾನೇ ಒತ್ತಿ ಆರಿಸಿದ್ದೆ. ಅವರ ಬೇಸ್‌ಮೆಂಟಿನಲ್ಲಿ ಅಷ್ಟು ದಿನ ಇದ್ದವನ ಕೈ, ನನ್ನನ್ನು ಕೇಳದೆಯೇ ಕಾಕಾನನ್ನು ಅಣಕಿಸುತ್ತಿತ್ತು. ಬಾಯಿ ಮುಚ್ಚಿಕೊಂಡೆ. ದೋಷ ಹವೆಯದ್ದೆಂದು ಇಬ್ಬರೂ ಒಪ್ಪಿಕೊಂಡು, ಗುಂಡಿಯ ಮೇಲೆ ಕನ್ನಡದಲ್ಲಿ "ಮುಟ್ಟಬಾರದು" ಎಂದು ಬರೆದು ಅಂಟಿಸಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಕಾಕಾ ಸೀಟಿ ಹೊಡೆಯುತ್ತಿದ್ದರು, ಶ್ರುತಿ ತಪ್ಪಿ.

ಸೋಮವಾರ ಸಂಜೆ ಆಟದ ಹೊತ್ತಿಗೆ ಕಾಕುವನ್ನು ಮನೆಮುಂದಿನ ಗಾಡಿಗೆ ಕರೆತಂದರು. ಕಾಕಾ ಅಂಗಿ ಬದಲಿಸಿದ್ದರು. ಕಾಕು ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸುತ್ತ ಬಂದು ಸೀಟಿನ ತುದಿಯಲ್ಲಿ ಕೂತರು. ಚಿತ್ರ ಬಂತು. ಮನೆಯ ಟಿವಿಗಿಂತ ಸ್ವಚ್ಛ ಎಂದು ಅವರೇ ಹೇಳಿದರು. ಅಕ್ಷರಗಳು ಒಂದೊಂದಾಗಿ ತಿರುಗಿದವು. ಕಾಕು ಎಲ್ಲರಿಗಿಂತ ಮುಂಚೆ ಬಿಡಿಸಿದರು, ಟಿವಿಯೊಳಗಿನ ಹೆಂಗಸೊಬ್ಬಳಿಗೆ ಬುದ್ಧಿಯಿಲ್ಲವೆಂದರು, ಒಮ್ಮೆ ಚಪ್ಪಾಳೆಯನ್ನೂ ತಟ್ಟಿದರು. ಕಾಕಾ ಟಿವಿ ನೋಡಲೇ ಇಲ್ಲ. ಕಾಕುವಿನ ಮುಖವನ್ನೇ ನೋಡುತ್ತಿದ್ದರು. ನಾನು ಬಾಗಿಲಿಗೆ ಒರಗಿ ನಿಂತು, ಗೆದ್ದೆವು ಎಂದುಕೊಂಡೆ.

ಜಾಹೀರಾತು ಬಂದಾಗ ಕಾಕಾ ತಡೆಯಲಾರದೆ ತಮ್ಮ ಕನಸನ್ನೆಲ್ಲ ಹರವಿದರು. ಶುಕ್ರವಾರ ಹೊರಡುವುದು. ನೀರಿನ ದಂಡೆಗೆ ಎರಡು ಕುರ್ಚಿ. ಸಂಜೆ ಆಟ ನೋಡುವುದು. ಆಟ ಮುಗಿದ ಮೇಲೆ ಬಿಸಿಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ತಣ್ಣನೆ ಗಾಳಿ. ಮರುದಿನ ಮಧ್ಯಾಹ್ನಕ್ಕೆ ಬೇಕಾದರೆ ಝುಣಕಾ. ಇನ್ನೇನು ಬೇಕು ಜೀವನಕ್ಕೆ ಎಂದು ಕೇಳಿದರು.

ಆ ಆಗಸ್ಟಿನ ವೀಕೆಂಡನ್ನು ಮೂವರೂ ಮನೆಯಲ್ಲೇ ಕಳೆದೆವು. ತಿಂಗಳು ಮುಗಿಯುವುದರೊಳಗೆ ಗಾಡಿ, ರೆಕ್ಕೆಯ ಆಂಟೆನಾ ಸಮೇತ, ಮೆಡೋವೇಲ್‌ನ ಯಾರಿಗೋ ಮಾರಾಟವಾಯಿತು. ನನ್ನನ್ನು ಯಾರೂ ಆಮೇಲೆ ತಜ್ಞ ಅನ್ನಲಿಲ್ಲ, ಕಾಕಾ ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಲು ಉಳಿದದ್ದಾದರೂ ಏನು? ಆ ಸೋಮವಾರ ಸಂಜೆ ಜಾಹೀರಾತು ಇನ್ನೂ ನಡೆಯುತ್ತಿತ್ತು. ಕಾಕು ರಿಮೋಟನ್ನು ಪಕ್ಕಕ್ಕಿಟ್ಟು, ಎರಡು ಉರಿಯ ಆ ಗೇಣಗಲದ ಒಲೆಯನ್ನೊಮ್ಮೆ ನೋಡಿ, ದನಿ ಏರಿಸದೆ ಕೇಳಿದರು.

"ಟಿವಿ ಬಂತು, ಬಾಳ ಚಲೋ ಆತು. ಅಲ್ಲೆ ಹೋಗಿ ರೊಟ್ಟಿ ಬಡಿಯಾಕ ಯಾವ ಆಂಟೆನಾ ಹಚ್ಚೀರಿ?"